ಪೈಪಿನ ಬಾಯಿಯ ನೀರು

ನನ್ನ ಮಗಳು ನಳಿನಿಯ ಕೊನೆಯ ಹಾಲುಹಲ್ಲು ಅಲುಗಾಡತೊಡಗಿದ ದಿನ ನನ್ನ ಹೆಂಡತಿ ಜಯಶೀಲ ಒಲೆಯ ಮೇಲೆ ಎಸರಿಟ್ಟು ಅಕ್ಕಿ ಹಾಕುವುದನ್ನೇ ಮರೆತು ಕೂತಿದ್ದಳು. ನಾನು ಪಾಳಿ ಮುಗಿಸಿ ಬಂದಾಗ ಪಾತ್ರೆಯ ನೀರು ಅರ್ಧ ಇಂಗಿತ್ತು. ಬೇರೆ ಊರುಗಳಲ್ಲಿ ಮಗುವಿನ ಹಲ್ಲು ಬಿದ್ದರೆ ಸೂರಿನ ಮೇಲೆ ಎಸೆದು ನಗುತ್ತಾರಂತೆ. ನಮ್ಮ ಊರಿನಲ್ಲಿ ಕೊನೆಯ ಹಾಲುಹಲ್ಲು ಬಿದ್ದ ಗಳಿಗೆಯಿಂದ ಅಪ್ಪ ಅಮ್ಮ ಮೊಗೆದುಕೊಟ್ಟ ನೀರು ಆ ಮಗುವಿಗೆ ತಾಗುವುದಿಲ್ಲ. ಎಷ್ಟು ಕುಡಿದರೂ ಬಾಯಾರಿಕೆ ಹೋಗುವುದಿಲ್ಲ. ಅಷ್ಟರೊಳಗೆ ಅದಕ್ಕೊಂದು ನೀರುಕೈ ಹುಡುಕಬೇಕು.

ನಮ್ಮಲ್ಲಿ ಯಾರೂ ತಾವು ಮೊಗೆದ ನೀರನ್ನು ತಾವು ಕುಡಿಯುವುದಿಲ್ಲ. ಕುಡಿದು ನೋಡಿದವರಿದ್ದಾರೆ, ಹೊಟ್ಟೆ ತುಂಬುತ್ತದೆ, ಗಂಟಲು ಒಣಗಿಯೇ ಇರುತ್ತದೆ. ಬೇರೊಬ್ಬರ ಕೈ ಕೆರೆಯೊಳಗೆ ಬಿಂದಿಗೆ ಅದ್ದಬೇಕು. ಆ ಬೇರೊಬ್ಬರು ನಮ್ಮ ಒಲೆಯ ಅನ್ನ ಉಣ್ಣುವವರಾಗಿರಬಾರದು. ಹೀಗಾಗಿ ಗಂಡನ ಕೈ ಹೆಂಡತಿಗೆ ನಡೆಯದು, ಅಣ್ಣನ ಕೈ ತಮ್ಮನಿಗೆ ನಡೆಯದು. ನೀನು ನನಗೆ, ನಾನು ನಿನಗೆ ಎಂದು ಇಬ್ಬರು ಕೈ ಕೂಡಿದ ಮೇಲೆ ಮತ್ತೊಬ್ಬರ ನೀರು ತಾಗುವುದಿಲ್ಲ. ಬದಲಿಸಬೇಕೆಂದರೆ ಕೆರೆ ತುಂಬಿ ಕೋಡಿ ಬೀಳುವ ತನಕ ಕಾಯಬೇಕು. ಕೋಡಿಯ ಮೇಲೆ ನೀರು ಹರಿಯುತ್ತಿರುವಷ್ಟು ದಿನ ಮಾತ್ರ ಹಳೆಯ ಕೈ ಬಿಟ್ಟು ಹೊಸ ಕೈ ಹಿಡಿಯಬಹುದು. ನೀರುಕೈ ಸತ್ತುಹೋದವರು ಮೆಟ್ಟಿಲ ಮೇಲೆ ಚೊಂಬು ಹಿಡಿದು ನಿಂತರೆ ಯಾರು ಮೊಗೆದು ಹೊಯ್ದರೂ ತಾಗುತ್ತದೆ, ಅದೊಂದು ಸಮಾಧಾನ. ಮೋಟಾರು ಎತ್ತಿದ ನೀರಿಗಾಗಲಿ ಕ್ಯಾನಿನಲ್ಲಿ ಬರುವ ನೀರಿಗಾಗಲಿ ಕೈಯಿಲ್ಲ. ಅದರಲ್ಲಿ ಸ್ನಾನ ಮಾಡುತ್ತೇವೆ, ಅನ್ನ ಬೇಯಿಸುತ್ತೇವೆ, ದನ ತೊಳೆಯುತ್ತೇವೆ.

ನನ್ನ ಮೊದಲ ನೀರುಕೈ ಗವಿಯಪ್ಪ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಗ್ಗಿ ಕಲಿತವರು. ಬೆಳಿಗ್ಗೆ ಕೆರೆಯ ಮೆಟ್ಟಿಲಿನ ಮೇಲೆ ಅವನ ಬಿಂದಿಗೆಗೆ ನಾನು, ನನ್ನ ಬಿಂದಿಗೆಗೆ ಅವನು. ಜಗಳವಾಡಿದ್ದೂ ಉಂಟು, ಆದರೆ ನೀರುಕೈಯ ಜೊತೆ ಬೆಳಿಗ್ಗೆ ಜಗಳವಾಡಿದವನು ಮಧ್ಯಾಹ್ನದ ಹೊತ್ತಿಗೆ ಒಣಬಾಯಿಯಲ್ಲಿ ಅವನ ಮನೆ ಮುಂದೆ ನಿಂತಿರುತ್ತಾನೆ. ನಮ್ಮ ಊರಿನಲ್ಲಿ ದೀರ್ಘದ್ವೇಷ ಎನ್ನುವುದು ನೀರುಕೈಯಲ್ಲದವರ ನಡುವೆ ಮಾತ್ರ ಇತ್ತು.

ಇಬ್ಬರೂ ಸೇರಿದ್ದು ಕೆರೆಯ ಬಡಗಣ ದಡದ ಬಣ್ಣದ ಫ್ಯಾಕ್ಟರಿಗೆ. ಬಟ್ಟೆಗೆ ಹಾಕುವ ಬಣ್ಣಕ್ಕೆ ಬೇಕಾದ ರಸಾಯನಗಳನ್ನು ಅಲ್ಲಿ ಮಾಡುತ್ತಾರೆ. ನಮ್ಮದು ಡ್ರಮ್ಮಿನ ಅಂಗಳ. ಖಾಲಿಯಾದ ನೀಲಿ ಡ್ರಮ್ಮುಗಳನ್ನು ಮಗುಚಿ, ಒಳಗೆ ಅಂಟಿಕೊಂಡಿದ್ದನ್ನು ಕೆರೆದು, ಬಿಸಿನೀರು ಬಿಟ್ಟು ತೊಳೆಯುವುದು. ತೊಳೆದ ನೀರು ಒಂದು ಹೊತ್ತು ಅರಿಶಿನದಂತೆ, ಒಂದು ಹೊತ್ತು ಜಂಬುನೇರಳೆಯಂತೆ ಮೋರಿಯಲ್ಲಿ ಹರಿದುಹೋಗುತ್ತದೆ. ಮೋರಿಯ ಕೊನೆಯಲ್ಲಿ ಎರಡು ದಾರಿ. ಒಂದು, ನೀರನ್ನು ತಿಳಿಗೊಳಿಸುವ ತೊಟ್ಟಿಗಳಿಗೆ ಹೋಗುವ ಉದ್ದ ಪೈಪು. ಇನ್ನೊಂದು, ಕಾಂಪೌಂಡಿನ ಕೆಳಗೆ ನುಸುಳಿ ನೇರ ಕೆರೆಗೆ ಬೀಳುವ ಅಡ್ಡಪೈಪು. ತೊಟ್ಟಿಗಳಿಗೆ ಕರೆಂಟು ಬೇಕು, ಪುಡಿ ಬೇಕು, ಹೊತ್ತು ಬೇಕು. ಅಡ್ಡಪೈಪಿಗೆ ಒಂದು ವಾಲ್ವ್ ತಿರುಗಿಸುವ ಕೈ ಸಾಕು. ಯಾರಾದರೂ ನೋಡಲು ಬರುವ ದಿನ ತೊಟ್ಟಿ ಓಡುತ್ತಿತ್ತು. ಮಿಕ್ಕ ದಿನ ಸೂಪರ್‌ವೈಸರ್ ಸತ್ಯಪ್ರಕಾಶ್ ಸಾಹೇಬರು ಹೆಬ್ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ತೋರಿಸುತ್ತಿದ್ದರು, ನಮ್ಮಲ್ಲಿ ಯಾರೋ ಒಬ್ಬರು ಹೋಗಿ ತಿರುಗಿಸುತ್ತಿದ್ದೆವು. ಅದಕ್ಕೆ ಸರದಿ ಎಂದೇನೂ ಇರಲಿಲ್ಲ. ಹತ್ತಿರ ಇದ್ದವನ ಕೈ.

ಕೆರೆ ಒಂದೇ ಸಲಕ್ಕೆ ಕೆಡಲಿಲ್ಲ. ಮೊದಲು ಮೆಟ್ಟಿಲಿಗೆ ಅಂಟುವ ನೊರೆ ಬಂತು, ಆಮೇಲೆ ಬೆಳಗಿನ ಹೊತ್ತು ಮೂಗಿಗೆ ಹೊಡೆಯುವ ಒಗರು ವಾಸನೆ. ಬಿಂದಿಗೆ ಅದ್ದಿದವರ ಬೆರಳ ಸಂದಿಯಲ್ಲಿ ನವೆ ಶುರುವಾಯಿತು. ಮೀನುಗಳು ಹೊಟ್ಟೆ ಮೇಲು ಮಾಡಿ ದಡಕ್ಕೆ ಬಂದವು. ಮಕ್ಕಳಿಗೆ ವಾಂತಿ, ದೊಡ್ಡವರಿಗೆ ಹೊಟ್ಟೆಯುರಿ. ತೆಂಕಣ ಮೂಲೆಯಲ್ಲಿ, ಜೊಂಡಿನ ಆಚೆ, ಕೆರೆಯ ಕಣ್ಣು ಅನ್ನುವ ಜಾಗವಿದೆ. ನೆಲದೊಳಗಿಂದ ಒರತೆ ಉಕ್ಕಿ ಅಲ್ಲಿ ನೀರು ಯಾವಾಗಲೂ ತಿಳಿಯಾಗಿರುತ್ತದೆ. ಆದರೆ ಅಲ್ಲಿಗೆ ಕಾಲುದಾರಿ ಸರಿಯಿಲ್ಲ, ಸೊಂಟದ ತನಕ ಕೆಸರು. ಹರಿಗೋಲು ಬೇಕು, ಬೆಳಗಿನ ಅರ್ಧ ಹೊತ್ತು ಬೇಕು. ಎಂಟು ಗಂಟೆಗೆ ಸೈರನ್ ಕೂಗುವ ಊರಿನಲ್ಲಿ ಅಷ್ಟು ಹೊತ್ತು ಯಾರಿಗಿದೆ? ಎಲ್ಲರೂ ಮೆಟ್ಟಿಲಲ್ಲೇ ಮೊಗೆದೆವು.

ತನ್ನ ಪಾಲಿನ ವಿಷವನ್ನು ತಾನೇ ಕುಡಿಯುವುದಾದರೆ ಮನುಷ್ಯ ಹೇಗೋ ಕಣ್ಣು ಮುಚ್ಚಿ ಕುಡಿದುಬಿಡುತ್ತಾನೆ. ನಮ್ಮದು ಹಾಗಲ್ಲ. ನಾನು ಮೊಗೆದದ್ದನ್ನು ಕುಡಿಯುವವನು ಗವಿಯಪ್ಪ. ಹೋದ ಸಲ ಕೋಡಿ ಬಿದ್ದಾಗ ಅವನು ಮೆಟ್ಟಿಲಿನ ಮೇಲೆ ಬಿಂದಿಗೆ ಮಗುಚಿಟ್ಟು ಅದರ ಮೇಲೆ ಕೂತಿದ್ದ.

"ಈರ, ಇನ್ನು ನನ್ನ ಕೈಲಿ ಆಗಲ್ಲ ಕಣೋ" ಅಂದ. "ನಿನ್ನೆ ಅಂಗಳದಲ್ಲಿ ನೀನು ಹೊಟ್ಟೆ ಹಿಡ್ಕೊಂಡು ಕೂತಿದ್ದಲ್ಲ, ನಂಗೆ ಬೆಳಿಗ್ಗೆ ಮೊಗೆದ ಬಿಂದಿಗೇನೇ ಕಣ್ಣಿಗೆ ಬಂತು."

"ನಾನೂ ನಿಂಗೆ ಅದೇ ನೀರು ತಾನೇ ಕೊಡ್ತಿರೋದು."

"ಅದಕ್ಕೇ ಹೇಳ್ತಿರೋದು, ಇಬ್ರೂ ಬಿಡಾಣ. ನಾನು ಆ ಶಂಕರಲಿಂಗನ ಹತ್ರ ಮಾತಾಡಿದೀನಿ."

ಶಂಕರಲಿಂಗ ಎಂದರೆ ಗವಿಯಪ್ಪನ ತಂಗಿಯ ಮದುವೆ ಮುರಿದವನು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಅವನಿಗಾದ್ರೆ ಕೈ ನಡುಗ್ದಂಗೆ ಮೊಗೆದು ಕೊಡ್ತೀನಿ" ಎಂದು ಗವಿಯಪ್ಪ ಬಿಂದಿಗೆ ಎತ್ತಿಕೊಂಡ.

ಆ ಕೋಡಿಯಲ್ಲಿ ಊರಿಗೆ ಊರೇ ಹಾಗೆ ಮಾಡಿತು. ಪ್ರೀತಿಯವರ ಕೈ ಬಿಟ್ಟು ಹಗೆಯವರ ಕೈ ಹಿಡಿಯಿತು. ಮೆಟ್ಟಿಲಿನ ಮೇಲೆ ಸಂತೆಯ ಹಾಗೆ ಕೂಗಾಟ. "ಏನಪ್ಪಾ, ನಮ್ಮ ಬದು ಒತ್ತಿದೋನು ನೀನೇ ಅಲ್ವಾ? ಬಾ, ನಂಗೆ ನೀನೇ ಸರಿ." "ಬಂದೆ ಇರು ನನ್ಮಗನೇ, ನಿಂಗೆ ನೊರೆ ಸಮೇತ ಮೊಗೀತೀನಿ." ನಕ್ಕವರೂ ಇದ್ದರು. ನಗುತ್ತಲೇ ಮುದುಕರು ಕಣ್ಣೊರೆಸಿಕೊಂಡು ತಮ್ಮ ಹಳೆಯ ನೀರುಕೈಗಳಿಗೆ ಬೆನ್ನು ಮಾಡಿ ನಿಂತರು. ನಾನು ನನಗೆ ಕುಂಟು ಎಮ್ಮೆ ಮಾರಿದ ದಲ್ಲಾಳಿಯ ಕೈ ಹಿಡಿದೆ. ಅಂದಿನಿಂದ ಬೆಳಗಿನ ಹೊತ್ತು ಮೆಟ್ಟಿಲಲ್ಲಿ ಮಾತೇ ಇಲ್ಲದಂತಾಯಿತು.

ನಳಿನಿಯ ಹಲ್ಲು ಅಲುಗಾಡಿದ್ದು ಇದೆಲ್ಲ ಆದ ಮೇಲೆ. ತೊಟ್ಟಿಲಲ್ಲಿದ್ದಾಗಿನಿಂದ ಅವಳಿಗೆ ಗವಿಯಪ್ಪನ ಮಗಳೇ ನೀರುಕೈ ಎಂದು ಎರಡೂ ಮನೆಯವರು ಅಂದುಕೊಂಡಿದ್ದೆವು. ಜಯಶೀಲ ಕೇಳಲು ಹೋದಾಗ ಗವಿಯಪ್ಪನ ಹೆಂಡತಿ ಬಾಗಿಲಲ್ಲೇ ಕೈ ಮುಗಿದಳಂತೆ. "ಬೇಡ ಅಕ್ಕಾ. ನಾಳೆ ನಳಿನಿಗೆ ಏನಾದ್ರೂ ಆದ್ರೆ ನನ್ನ ಮಗು ತಡ್ಕೊಳಲ್ಲ."

"ಹಂಗಾದ್ರೆ ನಾವೂ ಆಗದೋರನ್ನೇ ಹುಡುಕಬೇಕು" ಅಂದೆ ನಾನು. ಆಗದವರು ಎಂದ ಕೂಡಲೇ ಇಬ್ಬರಿಗೂ ಒಂದೇ ಮುಖ ನೆನಪಾಯಿತು. ಮೀನುಕೇರಿಯ ಮುದ್ದವ್ವ.

ಮುದ್ದವ್ವ ನನ್ನ ತಾಯಿಯ ನೀರುಕೈ ಆಗಿದ್ದವಳು. ಇಬ್ಬರೂ ಹುಡುಗಿಯರಾಗಿದ್ದಾಗ ಕೂಡಿದ ಕೈ. ನನ್ನ ತಾಯಿ ಕೊನೆಯ ವರ್ಷ ಹೊಟ್ಟೆಯ ಬೇನೆಯಲ್ಲಿ ಮಲಗಿದಾಗ ಮುದ್ದವ್ವನೇ ದಿನಾ ಬಂದು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಮಣ್ಣಿಗೆ ಬಂದವಳು ನನ್ನ ಮುಖ ನೋಡದೆ, ತಂದಿದ್ದ ಬಿಂದಿಗೆಯನ್ನು ನಮ್ಮ ಅಂಗಳದ ಕಲ್ಲಿಗೆ ಕುಕ್ಕಿ ಚಪ್ಪಟೆ ಮಾಡಿ ಹೋದಳು. ಆಮೇಲೆ ನಾನು ಫ್ಯಾಕ್ಟರಿಯ ನೀಲಿ ಅಂಗಿ ಹಾಕಿಕೊಂಡು ಮೀನುಕೇರಿ ದಾಟುವಾಗಲೆಲ್ಲ ಉಗಿಯುತ್ತಿದ್ದಳು. ಮೀನಿಲ್ಲದ ಕೆರೆಯಲ್ಲಿ ಅವಳ ಹರಿಗೋಲು ಸುಮ್ಮನೆ ಕಟ್ಟಿ ಹಾಕಿತ್ತು. ಮೆಟ್ಟಿಲಲ್ಲಿ ಚೊಂಬು ಹಿಡಿದು ನಿಂತು ಯಾರಾದರೂ ಹೊಯ್ದ ನೀರು ಕುಡಿದು ಬದುಕಿದ್ದಳು.

ನಾವಿಬ್ಬರೂ ಹೋದಾಗ ಅವಳು ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದಳು.

"ಏನ್ಲಾ ಈರ, ದಾರಿ ತಪ್ಪಿ ಬಂದ್ಯಾ?"

"ಮಗಳಿಗೆ ನೀರುಕೈ ಬೇಕು, ಮುದ್ದವ್ವ."

"ಊರಲ್ಲಿ ನಿಂಗೆ ಬೇಕಾದೋರು ಯಾರೂ ಇಲ್ವಾ?"

"ಬೇಕಾದೋರು ಬೇಡ ಅಂತಲೇ ಬಂದಿದ್ದು" ಅಂದಳು ಜಯಶೀಲ. ಅವಳಿಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ. "ನೀವು ನಮ್ಮನ್ನ ಕಂಡ್ರೆ ಉಗೀತೀರ. ನಮ್ಮ ಮಗೂಗೆ ಮೊಗೆಯೋವಾಗ ನಿಮ್ಗೆ ಸಂಕಟ ಆಗಲ್ಲ. ನಿಮ್ಗೆ ಮೊಗೆಯೋವಾಗ ಅವಳಿಗೂ ಆಗಲ್ಲ. ಅಷ್ಟೇ."

ಮುದ್ದವ್ವ ಡಾಂಬರಿನ ಕುಂಚ ಕೆಳಗಿಟ್ಟು ನಳಿನಿಯನ್ನೇ ನೋಡಿದಳು. ನಳಿನಿ ಬಾಯೊಳಗೆ ನಾಲಗೆಯಿಂದ ಹಲ್ಲು ಆಡಿಸುತ್ತಾ ನಿಂತಿದ್ದಳು. "ಆಯ್ತು, ಬೀಳ್ಲಿ ಹಲ್ಲು" ಎಂದಳು ಮುದ್ದವ್ವ. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ನಾನು ಅನುಮಾನ ಪಡಬೇಕಾಗಿತ್ತು. ದಣಿದ ಮನುಷ್ಯನಿಗೆ ಕೆಲಸ ಒಂದು ಮುಗಿದರೆ ಸಾಕಾಗಿರುತ್ತದೆ.

ಹಲ್ಲು ಬಿದ್ದ ಮಾರನೆಯ ಬೆಳಿಗ್ಗೆ ಇಬ್ಬರೂ ಮೆಟ್ಟಿಲಿಳಿದು ಮೊಣಕಾಲುದ್ದ ನೀರಲ್ಲಿ ನಿಂತರು. ನಳಿನಿ ಮೊಗೆದದ್ದನ್ನು ಮುದ್ದವ್ವ ಕುಡಿದಳು, ಮುದ್ದವ್ವ ಮೊಗೆದದ್ದನ್ನು ನಳಿನಿ ಕುಡಿದಳು. ಕೈ ಕೂಡಿತು. ಮುದ್ದವ್ವ ಸೆರಗಿನಲ್ಲಿ ಬಾಯೊರೆಸಿಕೊಂಡು ಮೆಟ್ಟಿಲು ಹತ್ತಿ ಬಂದು, ಅಲ್ಲಿದ್ದ ಫ್ಯಾಕ್ಟರಿಯವರಿಗೆಲ್ಲ ಕೇಳುವ ಹಾಗೆ ನನಗೆ ಹೇಳಿದಳು.

"ಇವತ್ತು ಶಾಸ್ತ್ರಕ್ಕೆ ಇಲ್ಲಿ ಮೊಗೆದೆ. ನಾಳೆಯಿಂದ ನಿನ್ನ ಮಗಳಿಗೆ ಎಲ್ಲಿಂದ ತರ್ತೀನಿ ಗೊತ್ತೇನ್ಲಾ? ನಿಮ್ಮ ಅಡ್ಡಪೈಪಿನ ಬಾಯಿಗೇ ಬಿಂದಿಗೆ ಒಡ್ತೀನಿ. ಅವಳನ್ನೂ ಹರಿಗೋಲಲ್ಲಿ ಕರ್ಕೊಂಡು ಹೋಗ್ತೀನಿ. ನಂಗೂ ಅಲ್ಲಿಂದ್ಲೇ ಮೊಗೆದು ಕೊಡ್ಲಿ."

"ಮುದ್ದವ್ವ, ಅದು ಮಗು..." ಎಂದೆ.

"ನಿಮ್ಮವ್ವನೂ ಒಬ್ಬರ ಮಗಳೇ. ನೀನು ಬಿಟ್ಟೆ, ನಾನು ಮೊಗೆದೆ, ಅವಳು ಕುಡಿದ್ಳು. ನೀನು ಬಿಟ್ಟಿದ್ದು ಕೆರೆಗೆ ಅಂತ ನಿದ್ದೆ ಮಾಡ್ದೆ. ನಾನು ಕುಡಿಸಿದ್ದು ಬಾಯಿಗೆ. ನಂಗೆ ನಿದ್ದೆ ಎಲ್ಲಿಂದ ಬರ್ಬೇಕು? ಕೋಡಿ ಬೀಳೋ ತನಕ ಇವಳು ನನ್ನ ಕೈ. ನೀನು ಏನು ಬಿಡ್ತೀಯೋ ಅದನ್ನೇ ಕುಡೀತಾಳೆ. ಬಿಡು, ಎಷ್ಟು ಬೇಕಾದ್ರೂ ಬಿಡು."

ಜಯಶೀಲ ಅವಳ ಸೆರಗು ಹಿಡಿದು ಜಗ್ಗಿದಳು, ಬೈದಳು, ಕೊನೆಗೆ ಕಾಲಿಗೆ ಬಿದ್ದಳು. ಮುದ್ದವ್ವ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಅಳಬೇಡ ಕಣವ್ವ, ನಿನ್ನ ಗಂಡನಿಗೆ ಹೇಳು" ಎಂದು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಹರಿಗೋಲು ನಮ್ಮ ಕಣ್ಣೆದುರೇ ನಳಿನಿಯನ್ನು ಕೂರಿಸಿಕೊಂಡು ಬಡಗಣ ದಡದತ್ತ ಹೋಯಿತು. ಫ್ಯಾಕ್ಟರಿಯ ಕಾಂಪೌಂಡಿನ ಹಿಂದೆ ದಡ ಒಳಕ್ಕೆ ಬಾಗುತ್ತದೆ. ಅಲ್ಲಿಂದ ತೆಂಕಣ ಮೂಲೆಯ ತನಕ ಆಳೆತ್ತರದ ಜೊಂಡು. ಹರಿಗೋಲು ಜೊಂಡಿನ ಹಿಂದೆ ಮರೆಯಾಯಿತು. ಬಹಳ ಹೊತ್ತಿನ ಮೇಲೆ ತುಂಬಿದ ಬಿಂದಿಗೆಗಳೊಂದಿಗೆ ವಾಪಸು ಬಂತು.

"ಎಲ್ಲಿಂದ ತಂದ್ರಿ ಕಂದಾ?" ಎಂದಳು ಜಯಶೀಲ.

"ಪೈಪಿನ ಬಾಯಿಂದ" ಅಂದಳು ನಳಿನಿ.

ಆ ದಿನ ಪಾಳಿಯಲ್ಲಿ ಸತ್ಯಪ್ರಕಾಶ್ ಸಾಹೇಬರು ಹೆಬ್ಬೆರಳು ತಿರುಗಿಸಿದಾಗ ವಾಲ್ವಿಗೆ ಹತ್ತಿರ ಇದ್ದವನು ನಾನೇ. ನಾನು ಹೋಗಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಡ್ರಮ್ಮಿನೊಳಗೆ ಇನ್ನೂ ಜೋರಾಗಿ ತಿಕ್ಕಿದೆ. ಸಾಹೇಬರು ಮತ್ತೆ ತಿರುಗಿಸಿದರು. ಗವಿಯಪ್ಪ ಎದ್ದು ಎರಡು ಹೆಜ್ಜೆ ಹೋದವನು ನನ್ನ ಮುಖ ನೋಡಿ ನಿಂತ.

"ಏನ್ರಯ್ಯ, ಎಲ್ರಿಗೂ ಕೈ ಬಿದ್ದೋಗಿದ್ಯಾ?"

"ಸಾರ್, ನನ್ನ ಮಗಳು ಅಲ್ಲಿಂದ ನೀರು ಕುಡೀತಾಳೆ" ಅಂದೆ.

"ಅಲ್ಲಿಂದ ಯಾಕ್ರೀ ಕುಡೀಬೇಕು? ಹುಚ್ಚಾ?"

ಅವರಿಗೆ ಅರ್ಥವಾಗುವ ಹಾಗೆ ಹೇಳುವುದು ಹೇಗೆ? ಅವರು ಹೊರಗಿನವರು. ಕ್ಯಾನಿನ ನೀರನ್ನು ತಾವೇ ಬಗ್ಗಿಸಿಕೊಂಡು ತಾವೇ ಕುಡಿದು ತೇಗುತ್ತಿದ್ದರು. ನಾವು ಅದನ್ನು ಬೆರಗಿನಿಂದ ನೋಡುತ್ತಿದ್ದೆವು. ಆ ದಿನ ವಾಲ್ವನ್ನು ಅವರೇ ಹೋಗಿ ತಿರುಗಿಸಿದರು. ಪ್ಯಾಂಟಿಗೆ ಬಣ್ಣ ಸಿಡಿಯಿತು.

ಮುದ್ದವ್ವನ ಮಾತು ಊರಿಗೆಲ್ಲ ಹರಡಿತು. ಆ ವಾರದಲ್ಲೇ ಹಲ್ಲು ಬಿದ್ದ ಫ್ಯಾಕ್ಟರಿಯವರ ಮಕ್ಕಳಿಗೆಲ್ಲ ಮುದ್ದವ್ವನ ಹಾಗೆ ನೀರುಕೈ ಸತ್ತುಹೋಗಿದ್ದ ಮೀನುಕೇರಿಯ ಹೆಂಗಸರೇ ನೀರುಕೈಯಾಗಿ ಬಂದರು. ಕಾರಣ ಗೊತ್ತಿದ್ದರೂ ಇಲ್ಲವೆನ್ನುವಂತಿರಲಿಲ್ಲ. ಆ ಮಕ್ಕಳಿಗೆ ಊರಿನಲ್ಲಿ ಬೇರೆ ಯಾರೂ ಕೈ ಕೊಡಲು ಒಪ್ಪುತ್ತಿರಲಿಲ್ಲ. ಬಾಯಾರಿಕೆಯಿಂದ ಮಗು ಅಳುವಾಗ ಎಷ್ಟು ದಿನ ಹಟ ಹಿಡಿಯಲಾದೀತು? ಗವಿಯಪ್ಪನ ಮಗಳೂ ಹಾಗೆಯೇ ಒಬ್ಬಳ ಕೈ ಹಿಡಿದಳು. ಬೆಳಿಗ್ಗೆ ಹರಿಗೋಲುಗಳು ಸಾಲಾಗಿ ಜೊಂಡಿನ ಹಿಂದಕ್ಕೆ ಹೋಗುತ್ತಿದ್ದವು. ಮೀನು ಸತ್ತ ಮೇಲೆ ಅಷ್ಟು ಹರಿಗೋಲುಗಳನ್ನು ನಾವು ಒಟ್ಟಿಗೆ ಕಂಡಿರಲಿಲ್ಲ.

ಸಾಹೇಬರ ಮಗ ಹುಟ್ಟಿದ್ದು ಇಲ್ಲಿ. ಇಲ್ಲಿ ಹುಟ್ಟಿದವರಿಗೆ ಕ್ಯಾನಿನ ನೀರು ತಾಗದು. ಅಷ್ಟು ವರ್ಷ ಅವರ ಹೆಂಡತಿ ರಬ್ಬರ್ ಗ್ಲೌಸು ಹಾಕಿಕೊಂಡು ಮೆಟ್ಟಿಲಿಗೆ ಬಂದು, ಮಗನಿಗೆಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಮೊಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದರು. ಗಂಡನಿಗೆ ಅದು ಹೆಂಗಸರ ಮೂಢನಂಬಿಕೆ. ಸಾಹೇಬರು ತಾವೇ ವಾಲ್ವ್ ತಿರುಗಿಸಿದ ಕೆಲವು ದಿನಗಳಿಗೆ ಆ ಹುಡುಗನ ಹಲ್ಲು ಬಿತ್ತು. ಅಮ್ಮ ಮನೆಮನೆ ತಿರುಗಿದರು. ಕೊನೆಗೆ ಮೀನುಕೇರಿಯಿಂದ ಒಬ್ಬಳು ಬಿಂದಿಗೆ ಹಿಡಿದು ಕ್ವಾರ್ಟರ್ಸಿನ ಗೇಟಿಗೆ ಬಂದು ನಿಂತಳು. ಮಾರನೆಯ ದಿನ ಸಾಹೇಬರು ಅಂಗಳಕ್ಕೆ ಬಂದು ನೇರ ವಾಲ್ವಿನ ಹತ್ತಿರ ಹೋದರು. ಬಿಗಿಯಾಗಿ ಮುಚ್ಚಿದರು. ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಸಂಜೆ ತೊಟ್ಟಿಗಳ ಮೋಟಾರು ಓಡುವ ಸದ್ದು ಕೇಳಿಸಿತು.

ಅಡ್ಡಪೈಪು ಮುಚ್ಚಿಯೇ ಇತ್ತು. ಮೆಟ್ಟಿಲಿನ ನೊರೆ ಕಡಿಮೆಯಾಯಿತು, ಆದರೆ ಮನೆಯಲ್ಲಿ ನೆಮ್ಮದಿ ಬರಲಿಲ್ಲ. ವರ್ಷಗಟ್ಟಲೆ ಸುರಿದದ್ದು ಆ ಬಾಯಿಯ ಕೆಸರಿನಲ್ಲಿ ಕೂತಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಜಯಶೀಲ ದಿನಾ ಸಂಜೆ ಮಗಳನ್ನು ಬೆಳಕಿಗೆ ನಿಲ್ಲಿಸಿ ನಾಲಗೆ, ಉಗುರು, ಕಣ್ಣಿನ ರೆಪ್ಪೆ ನೋಡುತ್ತಿದ್ದಳು. ಮಲಗಿದ ಮೇಲೆ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ದಿನಾ ಅದೇ ಪ್ರಶ್ನೆ, ಎಲ್ಲಿಂದ ತಂದ್ರಿ ಕಂದಾ? ದಿನಾ ಅದೇ ಉತ್ತರ. ಉತ್ತರ ಕೇಳಿ ಅವಳು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಳ್ಳುವಳು. ನನ್ನ ಜೊತೆ ಮಾತು ಕಡಿಮೆಯಾಯಿತು. ಬುತ್ತಿ ಕಟ್ಟಿ ಬಾಗಿಲ ಹತ್ತಿರ ಇಟ್ಟಿರುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ.

ಬೇಸಿಗೆ ಬಲಿತು ನೀರು ಇಳಿಯಿತು. ನನಗೆ ತಡೆಯಲಾಗಲಿಲ್ಲ. ಮುಚ್ಚಿದ್ದೇವಲ್ಲ, ಇನ್ನಾದರೂ ಬೇರೆ ಕಡೆ ಮೊಗಿ ಎಂದು ಮುದ್ದವ್ವನ ಕಾಲು ಹಿಡಿಯೋಣ ಎಂದುಕೊಂಡು, ಒಂದು ಬೆಳಿಗ್ಗೆ ಪಾಳಿಗೆ ಮುಂಚೆ ಕಾಂಪೌಂಡಿನ ಹಿಂದಿನ ಮೋರಿ ದಾಟಿ ಪೈಪಿನ ಬಾಯಿಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಪೈಪಿನ ಬಾಯಿ ಒಣಗಿತ್ತು. ಅದರ ಅಂಚಿನಲ್ಲಿ ಹಳೆಯ ಬಣ್ಣ ಪದರ ಪದರವಾಗಿ ಕಟ್ಟಿಕೊಂಡಿತ್ತು, ಒಳಗೆ ಒಂದು ಜೇಡ ಬಲೆ ಹೆಣೆದಿತ್ತು. ಬಲೆ ಹರಿದಿರಲಿಲ್ಲ. ಮುಂದಿನ ಕೆಂಪು ಕೆಸರಿನಲ್ಲಿ ಹರಿಗೋಲು ತಗುಲಿದ ಗುರುತಿಲ್ಲ, ಹೆಜ್ಜೆಯಿಲ್ಲ.

ಆಗ ದೂರದಲ್ಲಿ ನಳಿನಿ ನಕ್ಕದ್ದು ಕೇಳಿಸಿತು.

ಜೊಂಡಿನೊಳಗೆ ಇಳಿದೆ. ಬೇಸಿಗೆಗೆ ತಗ್ಗಿದ್ದರೂ ಮೊಣಕಾಲಿನ ತನಕ ಕರೀ ಕೆಸರು ಎಳೆಯಿತು. ದನಿಯ ಜಾಡು ಹಿಡಿದು ಹೋದರೆ ತೆಂಕಣ ಮೂಲೆ ಬಂತು. ಕೆರೆಯ ಕಣ್ಣಿನ ಸುತ್ತ ಹರಿಗೋಲುಗಳು ಬುಗುರಿಗಳ ಹಾಗೆ ತಿರುಗುತ್ತಿದ್ದವು. ಮುದ್ದವ್ವ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಕಟ್ಟಿ, ನೀರಿನೊಳಗೆ ಭುಜದ ತನಕ ಕೈಯಿಳಿಸಿ, ತಳದ ತಣ್ಣನೆಯ ನೀರು ಸಿಕ್ಕ ಮೇಲೆ ನಿಧಾನ ಎತ್ತಿದಳು. ನನ್ನ ತಾಯಿಯೂ ಹಾಗೆಯೇ ಸೆರಗು ಕಟ್ಟುತ್ತಿದ್ದಳು. ನಳಿನಿಯೂ ತನ್ನ ಲಂಗದ ಅಂಚನ್ನು ಹಾಗೆಯೇ ಮಡಚಿ ಮುದ್ದವ್ವನ ಬಿಂದಿಗೆಗೆ ಕಟ್ಟುತ್ತಿದ್ದಳು.

"ಅಜ್ಜಿ, ಇವತ್ತೂ ಅಮ್ಮ ಕೇಳ್ತಾಳೆ."

"ಏನಂತೀಯ?"

"ಪೈಪಿನ ಬಾಯಿ ಅಂತೀನಿ. ಅಮ್ಮ ಅಳ್ತಾಳೆ ಅಜ್ಜಿ. ಅಮ್ಮಂಗೆ ಒಬ್ಳಿಗೇ ಹೇಳ್ಲಾ?"

ಮುದ್ದವ್ವ ಬಿಂದಿಗೆಯನ್ನು ಹರಿಗೋಲಿನ ನಡುವೆ ಇಟ್ಟಳು. "ನಿಮ್ಮಮ್ಮ ನಿಮ್ಮಪ್ಪಂಗೆ ಹೇಳ್ತಾಳೆ. ನಿಮ್ಮಪ್ಪ ಗವಿಯಪ್ಪಂಗೆ ಹೇಳ್ತಾನೆ. ಆಮೇಲೆ ಒಂದು ದಿನ ಯಾರೋ ಬೆರಳು ತಿರುಗಿಸ್ತಾರೆ, ಹತ್ರ ಇದ್ದೋನು ಎದ್ದು ಹೋಗ್ತಾನೆ. ನಿಮ್ಮಪ್ಪ ಕೆಟ್ಟೋನಲ್ಲ ಕಣೆ. ದಣಿದಿರ್ತಾನೆ. ದಣಿದೋರು ಮರೆತುಬಿಡ್ತಾರೆ."

"ಕೋಡಿ ಬಿದ್ಮೇಲೆ ನೀನು ನನ್ನ ಕೈ ಬಿಟ್ಬಿಡ್ತೀಯಾ?"

"ನೀನು ಬಿಟ್ರೆ ಬಿಡ್ತೀನಿ. ತಗೋ, ಕುಡಿ ಮೊದ್ಲು."

ಅವಳು ಕುಡಿದಳು. ಗುಟುಕು ಇಳಿಯುವುದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ನಾನು ಅವರ ಕಣ್ಣಿಗೆ ಬೀಳದೆ, ಬಂದ ದಾರಿಯಲ್ಲೇ ಹಿಂದಿರುಗಿದೆ. ಜೊಂಡಿನ ನಡುವೆ ಎರಡು ಸಲ ಬಿದ್ದೆ. ಪ್ಯಾಂಟಿನ ಕೆಳಗೆ ಕೆಸರು ಮೆತ್ತಿಕೊಂಡೇ ಗಮ್‌ಬೂಟು ಹಾಕಿಕೊಂಡು ಕೆಲಸಕ್ಕೆ ನಿಂತೆ. ಒಳಗೊಳಗೇ ನಗು ಬರುತ್ತಿತ್ತು. ಬುತ್ತಿ ಬಿಡುವಿನಲ್ಲಿ ಮನೆಗೆ ಓಡಿಹೋಗಿ ಜಯಶೀಲಳಿಗೆ ಹೇಳಿಬಿಡಬೇಕು, ಆಮೇಲೆ ಗವಿಯಪ್ಪನ ಕಿವಿಯಲ್ಲಿ ಮಾತ್ರ ಹೇಳಬೇಕು ಎಂದುಕೊಂಡೆ. ಮುದ್ದವ್ವ ಅಂದದ್ದೂ ಅದೇ ಅಲ್ಲವೇ ಎಂದು ನನಗೆ ಹೊಳೆಯಲಿಲ್ಲ.

ಬುತ್ತಿ ಬಿಚ್ಚುವ ಹೊತ್ತಿಗೆ ಸತ್ಯಪ್ರಕಾಶ್ ಸಾಹೇಬರು ಬಂದರು. ಮುಖ ಸೊರಗಿತ್ತು. ಮೇಲಿನ ಆಫೀಸಿನಿಂದ ಫೋನು ಬರುತ್ತಿದೆ, ತೊಟ್ಟಿಗಳು ತುಂಬಿ ತುಳುಕುತ್ತಿವೆ, ಕೆಲಸ ನಿಂತರೆ ಎಲ್ಲರಿಗೂ ಕಷ್ಟ ಎಂದರು. "ಒಂದೇ ಒಂದು ಪಾಳಿ. ಇವತ್ತು ಮಾತ್ರ ಬಿಟ್ಟು ಮುಚ್ಚಿಬಿಡೋಣ."

ಗವಿಯಪ್ಪ ಮುದ್ದೆ ಮುರಿಯುತ್ತಾ ತಲೆ ಎತ್ತದೆ ಅಂದ. "ಅಲ್ಲಾ, ನಂಗೊಂದು ಅನುಮಾನ. ಆ ಹೆಂಗಸ್ರು ನಿಜವಾಗ್ಲೂ ಅಲ್ಲಿಂದ್ಲೇ ಮೊಗೀತಾರಾ? ಇಷ್ಟು ತಿಂಗ್ಳಾಯ್ತು. ಒಂದು ಮಗೂಗಾದ್ರೂ ಏನಾದ್ರೂ ಆಗ್ಬೇಕಿತ್ತಲ್ಲ. ಬರೀ ಹೆದರಿಸ್ತಾವ್ರೇನೋ. ಕಣ್ಣಾರೆ ನೋಡ್ದೋರು ಯಾರಿದಾರೆ ಹೇಳಿ?"

"ಹೌದು, ಯಾರು ನೋಡಿದಾರೆ?" ಎಂದರು ಸಾಹೇಬರು. ದನಿಯಲ್ಲಿ ಆಸೆಯಿತ್ತು. ಇಲ್ಲ ಅನ್ನಿ, ನನ್ನ ಮಗ ಅದನ್ನು ಕುಡಿಯುತ್ತಿಲ್ಲ ಅನ್ನಿ ಎಂದು ಬೇಡುವಂತಿತ್ತು. ಪಕ್ಕದವನೊಬ್ಬ ಆಗಲೇ ಕೈ ತೊಳೆದುಕೊಂಡು ಎದ್ದಿದ್ದ. ವಾಲ್ವಿಗೆ ಅವನೇ ಹತ್ತಿರ.

"ನಾನು ನೋಡ್ದೆ" ಅಂದೆ.

ಎಲ್ಲರೂ ನನ್ನತ್ತ ತಿರುಗಿದರು.

"ಇವತ್ತು ಬೆಳಿಗ್ಗೆ ಹೋಗಿದ್ದೆ. ಮುದ್ದವ್ವ ಪೈಪಿನ ಬಾಯಿಗೇ ಬಿಂದಿಗೆ ಒಡ್ಡಿದ್ಳು. ಎಲ್ಲ ಹರಿಗೋಲೂ ಅಲ್ಲೇ ಇದ್ವು. ನಿನ್ನ ಮಗಳೂ ಇದ್ಳು ಗವಿಯಪ್ಪ. ಸಾಹೇಬ್ರ ಮಗನೂ ಇದ್ದ."

ಗವಿಯಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸು ಬಿತ್ತು. ಅವನು ನನ್ನ ಬಾಲ್ಯದ ಗೆಳೆಯ. ಅವನ ಮುಖ ಆ ರೀತಿ ಆಗುವುದನ್ನು ನಾನೇ ಮಾಡಿದೆ, ನಾನೇ ಕೂತು ನೋಡಿದೆ. ಕೈ ತೊಳೆದುಕೊಂಡವನು ಮತ್ತೆ ಕೂತ. ಸಾಹೇಬರು ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ, ಆಫೀಸಿನತ್ತ ನಡೆದರು. ಸಂಜೆಯ ತನಕ ತೊಳೆಯುವ ಕೆಲಸ ನಿಂತಿತು. ತೊಟ್ಟಿ ಖಾಲಿಯಾದ ಮೇಲೆಯೇ ಮತ್ತೆ ಶುರುವಾಯಿತು.

ಮನೆಗೆ ಬಂದಾಗ ಜಯಶೀಲ ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಒಳಗಿನಿಂದಲೇ ಅವಳ ದನಿ ಕೇಳಿಸಿತು. ನನ್ನನ್ನೇ ಕೇಳುತ್ತಿದ್ದಳು. ಎಷ್ಟೋ ದಿನಗಳ ಮೇಲೆ ನನ್ನೊಡನೆ ಆಡಿದ ಮಾತು.

"ನೀವು ಹೋಗಿ ನೋಡಿದ್ರಂತೆ. ಗವಿಯಪ್ಪಣ್ಣನ ಹೆಂಡ್ತಿ ಅತ್ಕೊಂಡು ಬಂದಿದ್ಲು. ನಿಜವೇನ್ರಿ?"

ನಳಿನಿ ಜಗುಲಿಯ ಮೇಲೆ ಕೂತು ಪಾಠ ಬರೆಯುತ್ತಿದ್ದಳು. ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಗಾಬರಿಯಾಗಿತ್ತು ಅವಳಿಗೆ.

"ನಿಜ" ಅಂದೆ. "ಪೈಪಿನ ಬಾಯಿಂದ್ಲೇ."

ಒಳಗೆ ಬತ್ತಿಯ ತಟ್ಟೆ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಸದ್ದಿಲ್ಲ. ಸೆರಗು ಬಾಯಿಗೆ ಹೋಗಿರುತ್ತದೆ ಎಂದು ನನಗೆ ಗೊತ್ತು. ಒಳಗೆ ಹೋಗಿ ಅವಳ ಪಕ್ಕ ಕೂರಬೇಕೆನಿಸಿತು. ಕೂತರೆ ಹೇಳಿಬಿಡುತ್ತೇನೆ. ಜಗುಲಿಯಲ್ಲೇ ಕುಕ್ಕರಿಸಿ ಗಮ್‌ಬೂಟು ಕಳಚಿದೆ.

ನಳಿನಿ ನನ್ನ ಮುಖ ನೋಡಿದವಳು ಕಾಲು ನೋಡಿದಳು. ಮೊಣಕಾಲಿನ ತನಕ ಕರೀ ಕೆಸರು ಒಣಗಿ ಬಿರುಕುಬಿಟ್ಟಿತ್ತು, ಅದರಲ್ಲಿ ಜೊಂಡಿನ ಎಸಳು ಅಂಟಿಕೊಂಡಿದ್ದವು. ಪೈಪಿನ ಬಾಯಿಯ ಕೆಸರು ಕೆಂಪು. ಕಪ್ಪು ಕೆಸರು ಕೆರೆಯ ಕಣ್ಣಿನ ದಾರಿಯಲ್ಲಿ ಮಾತ್ರ ಇರುವುದು, ಅದು ಅವಳು ದಿನವೂ ನೋಡುವ ಬಣ್ಣ. ಅವಳು ಪುಸ್ತಕ ಮಡಚಿಟ್ಟು, ಹಿತ್ತಿಲಿನ ನೀಲಿ ಡ್ರಮ್ಮಿನಿಂದ ಒಂದು ಚೊಂಬು ನೀರು ತಂದು, ನನ್ನ ಕಾಲಿನ ಮೇಲೆ ಹೊಯ್ದು, ಅಮ್ಮ ದೀಪ ಹಿಡಿದು ಹೊರಗೆ ಬರುವ ಮುಂಚೆ ಆ ಕೆಸರನ್ನೆಲ್ಲ ಎರಡೂ ಕೈಯಲ್ಲಿ ಉಜ್ಜಿ ಉಜ್ಜಿ ತೊಳೆದಳು.